ದೊಡ್ಡವ್ವನ ಎಡಗೈ

ಎದುರುಮನೆಯವರು ಮೊನ್ನೆ ಊರಿಂದ ಬರುವಾಗ ಅಟ್ಟದ ಕಾಯಿ ಒಂದನ್ನು ತಂದುಕೊಟ್ಟರು. ಮಟ್ಟೆ ಸುಲಿದಿದ್ದರು, ಚಿಪ್ಪು ಹಾಗೇ ಇತ್ತು. "ನೀವೇ ಒಡ್ಕಳಿ ನರ್ಸಮ್ಮ" ಅಂದವರು, ನನ್ನ ಬಲಗೈಯ ಪ್ಲಾಸ್ಟರ್ ಕಣ್ಣಿಗೆ ಬಿದ್ದದ್ದೇ ನಾಲಿಗೆ ಕಚ್ಚಿಕೊಂಡರು. ನಾನು ಎಡಗೈಯಲ್ಲೇ ಇಸಿದುಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಕೊಬ್ಬರಿ ಉಂಡೆ ಗಡಗಡ ಉರುಳಿತು. ವರ್ಷವಿಡೀ ಒಲೆಯ ಮೇಲಿನ ಅಟ್ಟದಲ್ಲಿ ಮಲಗಿ ಎದ್ದ ಕಾಯಿಗೆ ಒಂದು ವಾಸನೆ ಇರುತ್ತದೆ, ಹೊಗೆ, ಎಣ್ಣೆ, ಇಲಿಹಿಕ್ಕೆ ಎಲ್ಲ ಕಲೆತದ್ದು. ಅದು ಮೂಗಿಗೆ ಬಡಿದದ್ದೇ ತಡ, ನಲವತ್ತೈದು ವರ್ಷದ ಹಿಂದಿನ ಒಂದು ಮುಖ ಎದುರಿಗೆ ಬಂದು ಕೂತಿತು. ಕೆನ್ನೆಯ ಮೇಲೆ ರಕ್ತ, ಬಾಯಿತುಂಬ ಬೈಗುಳ...

ಕೈ ಮುರಿದದ್ದು ಹೇಗೆ ಅಂತ ಆಸ್ಪತ್ರೆಯಲ್ಲಿ ಎಳೇ ಡಾಕ್ಟರೊಬ್ಬರು ಕೇಳಿದ್ದರು. ಬಚ್ಚಲಲ್ಲಿ ಜಾರಿ ಬಿದ್ದೆ ಅಂದೆ. ಅವರು ನನ್ನ ಮುಖ ಕೂಡ ನೋಡದೆ ಅದನ್ನೇ ಬರೆದುಕೊಂಡರು. ನನಗೆ ನಗು ಬಂದುಬಿಟ್ಟಿತು, ತಡೆಯಲಾರದ ನಗು. ಮುದುಕಿಗೆ ತಲೆಗೂ ಏಟು ಬಿದ್ದಿದೆ ಅಂದುಕೊಂಡರೋ ಏನೋ, ಒಂದು ಸ್ಕ್ಯಾನ್ ಬರೆದುಕೊಟ್ಟರು. ನಕ್ಕದ್ದು ಯಾಕೆ ಅಂತ ಅವರಿಗೆ ಹೇಳುವುದಕ್ಕೆ ಅರ್ಧ ದಿನ ಬೇಕಿತ್ತು. ಇಲ್ಲಿ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆ. ನನಗೆ ಇಪ್ಪತ್ತನಾಲ್ಕು. ತುರುವೇಕೆರೆ ಕಡೆ ಸಂಪಿಗೆ ಅನ್ನುವ ಊರು ದಾಟಿ ಇನ್ನಷ್ಟು ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ನರ್ಸ್ ಆಗಿ ಹೋಗಿದ್ದೆ. ಕೇಂದ್ರ ಅಂದರೆ ಎರಡು ಕೋಣೆ, ಒಂದು ಬೆಂಚು, ಸಿರಿಂಜ್ ಕುದಿಸುವ ಸ್ಟೌ, ಒಂದು ದಪ್ಪ ರಿಜಿಸ್ಟರು. ಡಾಕ್ಟರು ವಾರಕ್ಕೊಮ್ಮೆ ಬಂದರೆ ಬಂದರು. ಸುತ್ತ ಎತ್ತ ನೋಡಿದರೂ ತೆಂಗು. ಕೇಂದ್ರಕ್ಕೆ ಒತ್ತಿಕೊಂಡಂತಿದ್ದ ಹೆಂಚಿನ ಮನೆಯಲ್ಲಿ ಒಬ್ಬಳೇ ಇದ್ದ ಮುದುಕಿಯನ್ನು ಊರೆಲ್ಲ ದೊಡ್ಡವ್ವ ಅನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅರವತ್ತೈದೋ ಎಪ್ಪತ್ತೋ, ಅವಳಿಗೇ ಗೊತ್ತಿರಲಿಲ್ಲ. ಹೋದ ಮೊದಲ ದಿನವೇ ನನ್ನ ಬಿಳಿ ಸೀರೆ ನೋಡಿ, "ಇದ್ಯಾಕವ್ವ ಹಿಂಗೆ ಮುಂಡೆ ಥರಾ ಬಂದಿದ್ದೀಯ" ಅಂದಳು. ನನಗೆ ಮೈ ಉರಿದುಹೋಯಿತು. ಸಂಜೆಗೆ ಒಂದು ಬಟ್ಟಲು ಹುರುಳಿಕಾಳು ಸಾರು ತಂದು ಜಗಲಿಯ ಮೇಲಿಟ್ಟು ಹೋದಳು.

ಅವಳಿಗೆ ಮಕ್ಕಳಿರಲಿಲ್ಲ. ಗಂಡ ಸತ್ತಾಗ ನಲವತ್ತು ತೆಂಗಿನ ಮರದ ಒಂದು ತುಂಡು ತೋಟ ಅವಳ ಪಾಲಿಗೆ ಉಳಿದಿತ್ತು. ಮೈದುನನ ಮಗ ಅದು ತನ್ನದು ಅಂದ. ಅವನು ಬೇರೆಯವನಲ್ಲ. ಹೆತ್ತವಳು ಬಾಣಂತನದಲ್ಲೇ ಹಾಸಿಗೆ ಹಿಡಿದಾಗ ಈ ದೊಡ್ಡವ್ವನೇ ಸೊಂಟದ ಮೇಲೆ ಹೊತ್ತು ಸಾಕಿದ ಕೂಸು. ಈಗ ಮೂವತ್ತರ ಆಳು, ಎರಡು ಮಕ್ಕಳ ತಂದೆ. ಊರಿನ ಯಜಮಾನರು ಕೂತು ಒಂದು ತೀರ್ಮಾನ ಹೇಳಿದ್ದರಂತೆ: "ವರ್ಸಾವರ್ಸ ಅಟ್ಟದ ಕಾಯ್ನೆಲ್ಲ ಉಗಾದಿಯೊಳಗೆ ನೀನೇ ಒಡ್ದು ಕೊಬ್ಬರಿ ಮಾಡೋ ತಂಕ ತೋಟ ನಿಂದು. ಆಗ್ದಿದ್ ವರ್ಸ ಹುಡುಗಂಗೆ ಬುಟ್ಕೊಡು, ಅವ್ನು ನಿಂಗೆ ಕೂಳಾಕ್ತಾನೆ."

ಇದು ಎಂಥ ಕರಾರು ಅಂತ ನಮ್ಮ ಕಡೆ ಹುಟ್ಟದವರು ಕೇಳಬಹುದು. ಉಂಡೆ ಕೊಬ್ಬರಿ ಮಾಡುವುದರಲ್ಲಿ ಮರ ಹತ್ತಿ ಕಾಯಿ ಕೀಳುವುದು, ಮಟ್ಟೆ ಸುಲಿಯುವುದು ಗಂಡಸರ ಕೆಲಸ. ಅದಕ್ಕೆ ಕೂಲಿಯವರು ಎಲ್ಲರ ಮನೆಗೂ ಬರುತ್ತಾರೆ. ಆದರೆ ಕೊನೆಗೆ ಚಿಪ್ಪು ಒಡೆದು, ಒಳಗಿನ ಉಂಡೆಗೆ ಬಿರುಕು ಬೀಳದ ಹಾಗೆ ಇಡಿಯಾಗಿ ಬಿಡಿಸುವುದು ಮನೆಯ ಹೆಂಗಸಿನ ಕೆಲಸ. ಕಾಯಿಯನ್ನು ಎಡಗೈಯಲ್ಲಿ ಹಿಡಿದು ತಿರುಗಿಸುತ್ತ ಬಲಗೈಯ ಮಚ್ಚಿನ ಬೆನ್ನಿನಿಂದ ಸುತ್ತ ಬಡಿಯಬೇಕು. ಒಂದೇಟು ಹೆಚ್ಚಾದರೆ ಉಂಡೆ ಹೋಳು. ಅದು ಕೈಲಾಗದ ಹೆಂಗಸು ತೋಟ ನಡೆಸಲಾರಳು ಅನ್ನುವುದು ಯಜಮಾನರ ಲೆಕ್ಕ. ಹನ್ನೊಂದು ವರ್ಷ ದೊಡ್ಡವ್ವ ತಪ್ಪದೆ ಅಟ್ಟದ ಕಾಯಿ ಇಳಿಸಿ ಒಡೆದಿದ್ದಳು. ಆ ಹನ್ನೊಂದು ವರ್ಷವೂ ಹುಡುಗ ಬೇಲಿಯ ಆಚೆ ನಿಂತು ನೋಡಿದ್ದ.

ಸಂಕ್ರಾಂತಿ ಕಳೆದು ಹದಿನೈದು ದಿನ ಆಗಿತ್ತು. ಬೆಳಿಗ್ಗೆ ಎಂಟರ ಹೊತ್ತು, ನಾನು ಸ್ಟೌ ಹಚ್ಚುತ್ತಿದ್ದೆ. ತೋಟದ ಕಡೆ ಕೂಗಾಟ ಕೇಳಿತು. ಅದೇನು ಹೊಸದಲ್ಲ, ಆ ಇಬ್ಬರೂ ವಾರಕ್ಕೆರಡು ಸಲ ಕೂಗಾಡುತ್ತಿದ್ದರು. ಕಿಟಕಿಯಲ್ಲಿ ಇಣುಕಿದೆ. ಬದುವಿನ ಮೇಲೆ ಬಿದ್ದ ಗರಿ ಯಾರದು ಅನ್ನುವ ಜಗಳ. ಅವನು, "ಮುದ್ಕಿ, ಸಾಕು ಮನೇಲಿ ಬಿದ್ಕಳೆ, ಒಂದ್ ತುತ್ತು ನಾನ್ ಹಾಕ್ತೀನಿ" ಅಂದ. ಅವಳು ಬಲಗೈ ಅವನ ಮುಖಕ್ಕೆ ಹಿಡಿದು ಕೂಗಿದಳು: "ನಿನ್ ಕುಂಡಿ ತೊಳ್ದ ಕೈ ಕಣ್ಲಾ ಇದು! ಈ ಕೈಯಿರೋ ತಂಕ ನಿನ್ ಕೂಳು ನನ್ಗ್ಯಾಕ್ಲಾ?"

ಅವನು ಬಗ್ಗಿ ಹೆಡೆಮಟ್ಟೆ ತೆಗೆದುಕೊಂಡ. ಒಣಗಿದ ತೆಂಗಿನ ಗರಿಯ ಬುಡ ಅದು, ತೂಕದಲ್ಲಿ ಒನಕೆಗೆ ಕಮ್ಮಿಯಿಲ್ಲ. ಮೊದಲ ಏಟು ಚಾಚಿದ ಕೈಗೆ ಬಿತ್ತು. ಅವಳು ಅಲ್ಲೇ ಕುಕ್ಕರಿಸಿದಳು. ಕೈ ನೆಲದ ಮೇಲಿತ್ತು. ಅವನು ಒಂದು ಗಳಿಗೆ ನಿಂತ, ನೋಡಿದ, ಆಮೇಲೆ ಎರಡನೇ ಏಟು ಅದೇ ಮಣಿಕಟ್ಟಿನ ಮೇಲೆ ಹಾಕಿದ. ಆ ಸದ್ದು ನನ್ನ ಕಿಟಕಿಯವರೆಗೆ ಕೇಳಿತು. ಸಿಟ್ಟಿನಲ್ಲಿ ಹೊಡೆಯುವವನು ತಲೆಗೋ ಬೆನ್ನಿಗೋ ಸಿಕ್ಕಲ್ಲಿ ಹೊಡೆಯುತ್ತಾನೆ. ನೋಡಿಕೊಂಡು ಅದೇ ಜಾಗಕ್ಕೆ ಹೊಡೆದನಲ್ಲ, ಅದು ಸಿಟ್ಟಲ್ಲ. ಅವನಿಗೆ ಬೇಕಾಗಿದ್ದದ್ದು ಆ ಕೈ.

ಓಡಿಹೋಗಿ ಎತ್ತಿಕೊಂಡು ಬಂದೆ. ಮೂಳೆ ಚರ್ಮ ಹರಿದು ಬಿಳುಪಾಗಿ ಕಾಣುತ್ತಿತ್ತು. ತೊಳೆದೆ, ಕಟ್ಟಿದೆ, ತಿಪಟೂರಿಗೆ ಕಳಿಸುವ ಚೀಟಿ ಬರೆಯಬೇಕಿತ್ತು. ಅದಕ್ಕೆ ಮೊದಲು ರಿಜಿಸ್ಟರಿನಲ್ಲಿ ಗಾಯದ ಕಾರಣ ಬರೆಯಬೇಕು. ತಲೆ ಎತ್ತಿದರೆ ಬಾಗಿಲಲ್ಲಿ ಅವನು ನಿಂತಿದ್ದಾನೆ. ಪಂಚೆಯಲ್ಲಿ ಕೈ ಒರೆಸಿಕೊಳ್ಳುತ್ತ, "ಬಾವಿಕಟ್ಟೆ ಮ್ಯಾಲೆ ಜಾರಿ ಬಿದ್ಲು. ಬರ್ಕಳಿ" ಅಂದ. ನಾನು ಅವಳ ಮುಖ ನೋಡಿದೆ. ಅವಳು ನನ್ನ ಪೆನ್ನು ನೋಡುತ್ತಿದ್ದಳು. ನಾನು ಒಬ್ಬಳೇ ಇರುವ ಹೆಣ್ಣು, ರಾತ್ರಿ ನನ್ನ ಬಾಗಿಲಿಗೆ ಇರುವುದು ಒಂದು ಮರದ ಅಗುಳಿ... ಇವೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡ ಸಬೂಬು. ಆಗ ಇದ್ದದ್ದು ಬರೀ ಹೆದರಿಕೆ. "ಜಾರಿ ಬಿದ್ದು ಮುರಿತ" ಅಂತ ಬರೆದೆ. ಅಕ್ಷರ ಬರದ ಆ ಮುದುಕಿ ಪುಟವನ್ನು ಓದುವವಳ ಹಾಗೆ ಕೊನೆಯ ತನಕ ನೋಡಿ, ಮುಖ ಗೋಡೆಗೆ ತಿರುಗಿಸಿದಳು. ಆ ತಿರುಗಿದ ಕತ್ತನ್ನು ನಾನು ಇವತ್ತಿಗೂ ಮರೆತಿಲ್ಲ.

ತಿಪಟೂರಿನ ಡಾಕ್ಟರು ಮೊಣಕೈ ತನಕ ಪ್ಲಾಸ್ಟರ್ ಹಾಕಿದರು. ವಯಸ್ಸಾದ ಮೂಳೆ, ಕೂಡಿದರೂ ಸೊಟ್ಟ ಕೂಡುತ್ತದೆ, ಇನ್ನು ಈ ಕೈಯಲ್ಲಿ ಗಟ್ಟಿ ಕೆಲಸ ಆಗದು ಅಂದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ಬುದ್ಧಿ ಹೇಳಲು ಹೊರಟೆ ನೋಡಿ, ನನ್ನಂಥ ದಡ್ಡಿ ಇಲ್ಲ. "ಸಾಕು ದೊಡ್ಡವ್ವ, ಈ ವಯಸ್ಸಿಗೆ ಯಾಕೆ ಹಟ? ಬಿಟ್ಟುಕೊಡಿ, ಆರಾಮಾಗಿರಿ" ಅಂದೆ. ಅವಳು ಪ್ಲಾಸ್ಟರ್ ಕೈಯನ್ನೇ ಎತ್ತಿ ನನ್ನ ತೊಡೆಗೆ ಕುಟ್ಟಿದಳು. ನೋವು ನನಗೂ ಆಯಿತು, ಅವಳಿಗೂ ಆಯಿತು. ಇಬ್ಬರ ಕಣ್ಣಲ್ಲೂ ನೀರು. "ನಿನ್ ಬಾಯಿಗ್ ಮಣ್ಣಾಕ. ಆರಾಮು ಅಂದ್ರೆ ಅವ್ನ ಹಟ್ಟಿ ಮೂಲೇಲಿ ತಟ್ಟೆ ಹಿಡ್ಕಂಡ್ ಕೂರದಾ?" ಅಂದಳು. ಕಂಡಕ್ಟರ್ ತಿರುಗಿ ನೋಡಿದ. ಉಗಾದಿಗೆ ಇನ್ನು ಎಂಟು ವಾರವಿತ್ತು. ಅಟ್ಟದ ಮೇಲೆ ಎರಡು ಸಾವಿರ ಕಾಯಿ.

ಮೂರನೇ ದಿನವೇ ಶುರು ಮಾಡಿದಳು. ಕಾಯಿಯನ್ನು ಎರಡು ಪಾದದ ನಡುವೆ ಇರುಕಿಕೊಂಡು ಮಚ್ಚನ್ನು ಎಡಗೈಯಲ್ಲಿ ಹಿಡಿದು ಬಡಿದಳು. ಕಾಯಿ ಜಾರಿತು, ಮಚ್ಚು ಹೊರಳಿ ಅಲಗು ಕಾಲಿಗೆ ಬಿತ್ತು. ಹೆಬ್ಬೆರಳ ಬುಡ ಸೀಳಿಹೋಯಿತು. ಐದು ಹೊಲಿಗೆ ಹಾಕಿದೆ. ಮಾರನೆಯ ದಿನ ಮತ್ತೆ ಕೂತಳು. ಹತ್ತು ಕಾಯಿ ಬಡಿದರೆ ಹತ್ತೂ ಚೂರು. ಹನ್ನೊಂದನೆಯದನ್ನು ಎತ್ತಿ ಗೋಡೆಗೆ ಬೀಸಿದಳು, ಹನ್ನೆರಡನೆಯದು ನನ್ನ ಕಿವಿ ಪಕ್ಕದಲ್ಲೇ ಹಾಯ್ದುಹೋಯಿತು. ಸತ್ತ ಗಂಡನನ್ನು ಬೈದಳು, ದೇವರನ್ನು ಬೈದಳು, ನನ್ನ ಹೊಲಿಗೆಯನ್ನು ಬೈದಳು. ಆಮೇಲೆ ಮಟ್ಟೆಯ ರಾಶಿಯ ಮೇಲೆ ಬಿದ್ದುಕೊಂಡು ಹೋ ಅಂತ ಅತ್ತಳು. ಊರಿನವರು ಆಮೇಲೆ "ಗಟ್ಟಿಗಿತ್ತಿ, ಕಣ್ಣಲ್ಲಿ ಒಂದು ಹನಿ ನೀರು ಹಾಕಲಿಲ್ಲ" ಅಂತೆಲ್ಲ ಕಥೆ ಕಟ್ಟಿದರು. ಸುಳ್ಳು. ಅಷ್ಟು ಅತ್ತವರನ್ನು ನಾನು ನನ್ನ ಸರ್ವಿಸ್ಸಿನಲ್ಲೇ ಕಂಡಿಲ್ಲ.

ನಾಲ್ಕೈದು ದಿನ ಏನೂ ಮಾಡದೆ ಕೂತಿದ್ದಳು. ಮುಗಿಯಿತು ಅಂದುಕೊಂಡೆ. ಬೇಲಿಯ ಆಚೆ ಅವನೂ ಹಾಗೇ ಅಂದುಕೊಂಡ, ಬೀಡಿ ಸೇದುತ್ತ ನಗುತ್ತಿದ್ದ. ಒಂದು ಮಧ್ಯಾಹ್ನ ನಾನು ಅವಳ ತಲೆ ಬಾಚುತ್ತಿದ್ದೆ. ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲಾಗದಲ್ಲ. ಅವಳು ಸುಮ್ಮನೆ ಒಂದು ಕಾಯಿಯನ್ನು ಎಡಗೈಯಲ್ಲಿ ಹಿಡಿದು ತಿರುಗಿಸುತ್ತ ಕೂತಿದ್ದಳು. ಹೆಬ್ಬೆಟ್ಟಿನಿಂದ ಒತ್ತುತ್ತಾಳೆ, ಕಾಲುಭಾಗ ತಿರುಗಿಸುತ್ತಾಳೆ, ಮತ್ತೆ ಒತ್ತುತ್ತಾಳೆ. ಇದ್ದಕ್ಕಿದ್ದಂತೆ ಗಹಗಹಿಸಿ ನಕ್ಕಳು. ನನ್ನ ಕೈಯಿಂದ ಬಾಚಣಿಗೆ ಬಿತ್ತು.

"ಅಯ್ಯೋ ಬೇವರ್ಸಿ! ತಪ್ ಕೈ ಮುರ್ದವ್ನೆ ಕಣವ್ವ!" ಅಂದಳು. "ಬಲಗೈ ಬರೀ ಹೊಡೀತದೆ, ಕತ್ತೆ ಅದು. ಎಲ್ಲಿ ಹೊಡೀಬೇಕು, ಎಷ್ಟು ಹೊಡೀಬೇಕು ಅನ್ನೋದೆಲ್ಲ ಈ ಎಡಗೈಗೆ ಗೊತ್ತಿರೋದು. ಒಂದ್ ದಿನ ಕಾಯಿ ಒಡ್ದಿದ್ರೆ ತಾನೆ ಆ ಗಂಡ್ಸಿಗೆ ತಿಳಿಯೋದು!" ಅವಳ ಮಾತು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹನ್ನೊಂದು ವರ್ಷ ಬೇಲಿಯಾಚೆ ನಿಂತವನು ಮೇಲೆ ಕೆಳಗೆ ಆಡುವ ಮಚ್ಚನ್ನು ನೋಡಿದ್ದ. ಮಚ್ಚು ಹಿಡಿದ ಕೈ ಮುರಿದರೆ ಕೆಲಸ ನಿಂತಿತು ಅಂದುಕೊಂಡ. ಕಾಯಿ ಹಿಡಿದ ಕೈಯನ್ನು ಅವನು ಯಾವತ್ತೂ ನೋಡಿರಲೇ ಇಲ್ಲ. ಇವಳೂ ಮೊದಲ ದಿನ ಅದೇ ತಪ್ಪು ಮಾಡಿ, ಬಲ್ಲ ಕೈಗೆ ಮಚ್ಚು ಕೊಟ್ಟು ಕಾಯಿಯನ್ನು ಕಾಲಿಗೆ ಕೊಟ್ಟಿದ್ದಳು.

ಹಾಗಾದರೆ ಹೊಡೆಯುವುದು ಯಾರು? ಮಚ್ಚು ಕಾಯಿಗೆ ಬಡಿಯಬೇಕಾಗಿಲ್ಲ, ಕಾಯಿಯೇ ಹೋಗಿ ಕಬ್ಬಿಣಕ್ಕೆ ಬಡಿದರಾಯಿತು ಅಂದಳು. ಈಳಿಗೆಮಣೆಯ ಹಾಗೆ ಕಬ್ಬಿಣವನ್ನು ಹಲಗೆಗೆ ನೆಟ್ಟಗೆ ನಿಲ್ಲಿಸಬೇಕು, ಅಂಚು ಮೊಂಡಾಗಿರಬೇಕು. ಔಷಧಿ ತರಲು ತುರುವೇಕೆರೆಗೆ ಹೋದ ದಿನ ಅಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಸಾಬರ ಹತ್ತಿರ ಹೇಳಿದೆ. ಅವರು ಹಳೇ ಲಾರಿಯ ಭಾರ ಹೊರುವ ಕಮಾನು ಪಟ್ಟಿಯ ತುಂಡೊಂದನ್ನು ಮತ್ತಿಮರದ ಹಲಗೆಗೆ ಬೋಲ್ಟ್ ಹಾಕಿ ಕೂರಿಸಿಕೊಟ್ಟರು. "ಅಜ್ಜಿಗೆ ಹೇಳಿ, ಇದು ಹತ್ತು ಟನ್ ಹೊತ್ತ ಕಬ್ಬಿಣ, ಕಾಯಿಗೆಲ್ಲ ಬಗ್ಗಲ್ಲ" ಅಂದರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ತಂದೆ. ಅದರ ಗ್ರೀಸು ನನ್ನ ಸೀರೆಯಿಂದ ಕೊನೆಗೂ ಹೋಗಲಿಲ್ಲ.

ಆಮೇಲಿನ ಒಂದು ತಿಂಗಳು ಆ ಮನೆಯಿಂದ ಬಂದದ್ದು ಒಂದೇ ಸದ್ದು. ಟಕ್. ತಿರುಗಿಸು. ಟಕ್. ಬೈಗುಳ. ಟಕ್. ಹಲಗೆಯ ಮೇಲೆ ಒಂದು ಮೊಣಕಾಲು ಊರಿ, ಪ್ಲಾಸ್ಟರ್ ಕೈಯನ್ನು ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡು, ಎಡಗೈಯಿಂದ ಕಾಯಿಯನ್ನು ಕಬ್ಬಿಣಕ್ಕೆ ಬಡಿಯುತ್ತಿದ್ದಳು. ಚಿಪ್ಪಿನ ಚೂರು ಸಿಡಿದು ಕೆನ್ನೆ ಸೀಳಿತು. ಅದಕ್ಕೂ ಹೊಲಿಗೆ. ಬೆರಳ ಗೆಣ್ಣೆಲ್ಲ ಕಬ್ಬಿಣಕ್ಕೆ ತಗುಲಿ ಸುಲಿದುಹೋಗಿದ್ದವು. ಮೊದಲ ವಾರ ದಿನಕ್ಕೆ ಇಪ್ಪತ್ತು, ಆಮೇಲೆ ಐವತ್ತು, ಕೊನೆಕೊನೆಗೆ ನೂರರ ಹತ್ತಿರ. ಅವಳು ಬಿಡದೆ ದುಡಿದಳು ಅಂತ ನಾನು ಹೇಳಲಾರೆ. ಬಿಸಿಲು ಜಗಲಿಯ ಎರಡನೇ ಕಂಬಕ್ಕೆ ಬಂದ ತಕ್ಷಣ ಕೈಯಲ್ಲಿದ್ದ ಕಾಯಿಯನ್ನು ಅರ್ಧಕ್ಕೇ ಇಟ್ಟು ಎದ್ದುಬಿಡುತ್ತಿದ್ದಳು. "ಇನ್ನೊಂದೇ ದೊಡ್ಡವ್ವ, ಮುಗಿಸಿಬಿಡಿ" ಅಂದರೆ, "ಇವತ್ತಿನ ಶಕ್ತಿ ಇವತ್ತಿಗೆ. ನಾಳೆದ್ನ ಇವತ್ತೇ ತಿಂದ್ರೆ ನಾಳೆ ಏನ್ ತಿನ್ನದು?" ಅನ್ನುತ್ತಿದ್ದಳು. ಅನ್ನ ಬಸಿಯಲು ನನ್ನನ್ನು ಕರೆಯುತ್ತಿದ್ದಳು, ಸೀರೆ ಉಡಿಸಿಕೊಳ್ಳುತ್ತಿದ್ದಳು, ಬಚ್ಚಲಿಗೆ ಕರೆದುಕೊಂಡು ಹೋಗು ಅನ್ನಲು ನಾಚುತ್ತಿರಲಿಲ್ಲ. ಕಾಯಿ ಒಂದನ್ನು ಮಾತ್ರ ಮುಟ್ಟಗೊಡಲಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಅನ್ನುವುದು ಅವಳಿಗೆ ತಿಳಿದಿತ್ತು, ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಉಗಾದಿಗೆ ನಾಲ್ಕು ದಿನ ಇತ್ತು. ಪ್ಲಾಸ್ಟರ್ ಬಿಚ್ಚಿ ಹತ್ತು ದಿನವಾಗಿತ್ತು. ಒಳಗಿನಿಂದ ಬಂದ ಕೈ ಸೊಟ್ಟಗೆ, ಬಿಳಿಚಿಕೊಂಡು, ಒಣ ಕಡ್ಡಿಯ ಹಾಗಿತ್ತು. ಜಗಲಿಯ ತುಂಬ ಕೊಬ್ಬರಿ ಉಂಡೆಯ ರಾಶಿ. ಅಟ್ಟದಲ್ಲಿ ಇನ್ನು ಮುನ್ನೂರು ಚಿಲ್ಲರೆ ಕಾಯಿ. ಮಧ್ಯಾಹ್ನದ ಉರಿ ಬಿಸಿಲಲ್ಲಿ ಅವನು ಬಂದ. ಕುಡಿದಿರಲಿಲ್ಲ, ಅದನ್ನು ಒತ್ತಿ ಹೇಳುತ್ತೇನೆ, ಕುಡಿದಿದ್ದ ಅಂತ ಹೇಳಿ ಊರಿನವರು ಅವನನ್ನು ಉಳಿಸಿಕೊಂಡರು. ನಾನು ಅವಳ ಕೆನ್ನೆಯ ಹೊಲಿಗೆ ನೋಡಲು ಹೋಗಿದ್ದೆ. ಅವನು ನೇರ ರಾಶಿಯ ಮೇಲೆ ಹತ್ತಿ ತುಳಿಯತೊಡಗಿದ. ಒಣ ಉಂಡೆಗಳು ಕಾಲಡಿಯಲ್ಲಿ ಪಟಪಟ ಸೀಳಿದವು. ನಾನು ಕೂಗಿಕೊಂಡೆ, ರಟ್ಟೆ ಹಿಡಿದೆಳೆದೆ. ಅವನು ಒಮ್ಮೆ ತೋಳು ಕೊಡವಿದ್ದಕ್ಕೆ ನಾನು ಕಂಬಕ್ಕೆ ಬಡಿದು ಬಿದ್ದೆ, ತುಟಿ ಒಡೆಯಿತು. ಆಮೇಲೆ ಬಗ್ಗಿ ಕಬ್ಬಿಣದ ಹಲಗೆ ಕೀಳಲು ಹೋದ. ದೊಡ್ಡವ್ವ ಅದರ ಮೇಲೆ ಬಲಗೈ ಇಟ್ಟಳು. ಅವನು ಆ ಕೈಯ ಮೇಲೆ ಕಾಲಿಟ್ಟ.

ಮೆಲ್ಲಗೆ ಇಟ್ಟ, ಭಾರ ಬಿಡುತ್ತ ಬಿಡುತ್ತ. ಅವಳ ಬಾಯಿಂದ ಒಂದು ಸ್ವರ ಬಂತು. ಹೆರಿಗೆ ಮಾಡಿಸುವಾಗ ಬಿಟ್ಟರೆ ಅಂಥ ಸ್ವರ ನಾನು ಬೇರೆಲ್ಲೂ ಕೇಳಿರಲಿಲ್ಲ. ಅವಳ ಎಡಗೈಯಲ್ಲಿ ಒಡೆಯದ ಕಾಯಿ ಒಂದಿತ್ತು. ಅವಳು ಅದನ್ನು ಎಸೆಯಲಿಲ್ಲ. ಅಂಗೈಯಲ್ಲಿ ಒಮ್ಮೆ ತಿರುಗಿಸಿದಳು, ದಿನವೂ ತಿರುಗಿಸುವ ಹಾಗೆಯೇ, ಬಗ್ಗಿದ್ದ ಅವನ ಹಣೆಗೆ ಬಡಿದಳು. ಇನ್ನೊಮ್ಮೆ ತಿರುಗಿಸಿದಳು, ಹುಬ್ಬಿನ ಮೇಲೆ ಬಡಿದಳು. ಮೂರನೆಯದಕ್ಕೆ ಕೈ ಎತ್ತಿದವಳು ಅಲ್ಲೇ ನಿಲ್ಲಿಸಿದಳು. ಆ ಏಟಿಗೆ ಚಿಪ್ಪೊಡೆದು ಉಂಡೆ ಇಡಿಯಾಗಿ ಬಂತು ಅಂತ ಊರಲ್ಲಿ ಈಗಲೂ ಹೇಳುತ್ತಾರಂತೆ. ನಾನು ಅಲ್ಲೇ ಇದ್ದೆ. ಕಾಯಿಗೆ ಏನೂ ಆಗಲಿಲ್ಲ. ಒಡೆದದ್ದು ಹಣೆ.

ರಕ್ತ ಅಂದರೆ ರಕ್ತ. ಅವನು ಗೋಡೆಗೆ ಒರಗಿ ಕುಸಿದ, ಕಣ್ಣು ಮುಚ್ಚಿತು. ಮರುಗಳಿಗೆಯಲ್ಲಿ ಆ ಮುದುಕಿ, "ಅಯ್ಯೋ ನನ್ ಕಂದಾ, ಅಯ್ಯೋ ನನ್ ಕಂದಾ" ಅಂತ ಬೋರಾಡುತ್ತ ಸೆರಗನ್ನು ಉಂಡೆ ಮಾಡಿ ಅವನ ಹಣೆಗೆ ಒತ್ತಿಹಿಡಿದಳು. ಕೇಂದ್ರದ ತನಕ ಒಂದು ಕಡೆ ನಾನು, ಒಂದು ಕಡೆ ಅವಳು. ಅವಳ ಎಡಗೈ ಅವನ ಹಣೆ ಬಿಡಲಿಲ್ಲ. ಏಳು ಹೊಲಿಗೆ ಹಾಕಿದೆ. ಸೂಜಿ ಚುಚ್ಚಿದಾಗಲೆಲ್ಲ ಅವನಿಗಿಂತ ಮೊದಲು ಅವಳು ಮುಖ ಹಿಂಡುತ್ತಿದ್ದಳು.

ಆಮೇಲೆ ರಿಜಿಸ್ಟರು ತೆಗೆದೆ. ಎಂಟು ವಾರದ ಹಿಂದಿನ ಹೆದರಿಕೆ ಆವತ್ತು ಇರಲಿಲ್ಲ. ತುಟಿಯಿಂದ ರಕ್ತ ಸೋರುತ್ತಿತ್ತು. ಈ ಸಲ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಆ ಹಿಂದಿನ ಪುಟವನ್ನೂ ಹೊಡೆದುಹಾಕಿ ನಿಜ ಬರೆಯುತ್ತೇನೆ, ಪೊಲೀಸರು ಬಂದರೆ ಬರಲಿ ಅಂತ ಪೆನ್ನು ಬಿಚ್ಚಿದೆ. ದೊಡ್ಡವ್ವ ಮೇಜಿನ ಹತ್ತಿರ ಬಂದಳು. ಸೊಟ್ಟ ಕೈ ಆಗಲೇ ಊದಿಕೊಂಡಿತ್ತು. ಅವನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಲಿಲ್ಲ, ಪುಟ ನೋಡಿದಳು.

"ಜಾರಿ ಬಿದ್ದ ಅಂತ ಬರಿಯವ್ವ" ಅಂದಳು.

ಬೆಂಚಿನ ಮೇಲೆ ಮಲಗಿದ್ದವನು ಕಣ್ಣು ಬಿಟ್ಟು ಅವಳನ್ನು ನೋಡಿದ. ನಾನು ಬರೆದೆ. ಒಂದೇ ರಿಜಿಸ್ಟರಿನಲ್ಲಿ, ಒಂದೇ ಕೈಬರಹದಲ್ಲಿ, ಎರಡು ಸುಳ್ಳು. ಮೊದಲನೆಯದು ನನ್ನ ಹೆದರಿಕೆಯದು. ಎರಡನೆಯದನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ...

ಉಳಿದ ಮುನ್ನೂರು ಕಾಯಿ ಅವಳು ಆ ನಾಲ್ಕು ದಿನದಲ್ಲಿ ಒಡೆದಳು. ಆಗ ಮಾತ್ರ ಬಿಸಿಲು ಎರಡನೇ ಕಂಬ ದಾಟಿದರೂ ಏಳಲಿಲ್ಲ. ಉಗಾದಿಯ ಬೆಳಿಗ್ಗೆ ಯಜಮಾನರು ಬಂದರು. ಒಬ್ಬರು ಏಣಿ ಹತ್ತಿ ಅಟ್ಟದಲ್ಲಿ ಇಣುಕಿದರು. ಇನ್ನೊಬ್ಬರು ತುಳಿದು ಸೀಳಿದ ಉಂಡೆಗಳನ್ನು ಬೇರೆ ಗುಡ್ಡೆ ಹಾಕಿದ್ದನ್ನು ನೋಡಿ, "ಇವ್ಯಾಕಮ್ಮ ಹೋಳಾದೊ?" ಅಂದರು. "ನನ್ ಕೈ ಜಾರ್ತು" ಅಂದಳು. ಅವರಿಗೆ ಎಲ್ಲ ಗೊತ್ತಿತ್ತು, ಹಣೆಗೆ ಪಟ್ಟಿ ಕಟ್ಟಿಕೊಂಡವನು ಬೇಲಿಯಾಚೆ ನಿಂತೇ ಇದ್ದನಲ್ಲ. "ಆಯ್ತು ಬುಡು, ತೋಟ ನಿಂದೇ" ಅಂದು ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಹೋದರು. ನಾನು ಅವಳ ಮುಖ ನೋಡಿದೆ, ಗೆದ್ದ ಮುಖ ಅದಾಗಿರಲಿಲ್ಲ. ಒಂದು ಎಲೆಯಲ್ಲಿ ಎರಡು ಒಬ್ಬಟ್ಟು ಸುತ್ತಿ ಅವನ ಮಕ್ಕಳಿಗೆ ಕೊಟ್ಟು ಬಾ ಅಂತ ನನ್ನನ್ನು ಕಳಿಸಿದಳು. ಅವನ ಹೆಂಡತಿ ಇಸಿದುಕೊಂಡಳು. ಆದರೆ ಅವನು ಮಾತ್ರ ದೊಡ್ಡವ್ವ ಬದುಕಿರುವ ತನಕ ಆ ಹೊಸ್ತಿಲು ತುಳಿಯಲಿಲ್ಲ. ಅವಳು ಕಳೆದುಕೊಂಡದ್ದು ಅದು.

ಐದು ವರ್ಷದ ಮೇಲೆ ನನಗೆ ಚಿಕ್ಕನಾಯಕನಹಳ್ಳಿ ಕಡೆಗೆ ವರ್ಗವಾಯಿತು. ಅಷ್ಟರಲ್ಲಿ ಅವಳು ಇನ್ನೂ ಬಗ್ಗಿದ್ದಳು. ಇಪ್ಪತ್ತು ಮರದ ಕಾಯನ್ನು ಎಳನೀರಿಗೇ ಕೊಟ್ಟುಬಿಟ್ಟು, ಅಟ್ಟಕ್ಕೆ ಎಷ್ಟು ಒಡೆಯಬಲ್ಲಳೋ ಅಷ್ಟನ್ನೇ ಏರಿಸುತ್ತಿದ್ದಳು. ಯಜಮಾನರು ಹೇಳಿದ್ದು ಅಟ್ಟದಲ್ಲಿ ಇರುವುದನ್ನು ಇಳಿಸಬೇಕು ಅಂತ, ಎಷ್ಟು ಏರಿಸಬೇಕು ಅಂತ ಅಲ್ಲವಲ್ಲ ಅಂತ ಕಣ್ಣು ಮಿಟುಕಿಸಿದ್ದಳು, ಕಳ್ಳಿ. ಹೊರಡುವ ದಿನ ನಾನು ಅವಳ ಕಾಲಿಗೆ ಬಿದ್ದು, ಐದು ವರ್ಷ ನುಂಗಿಕೊಂಡದ್ದನ್ನು ಹೇಳಿಬಿಟ್ಟೆ. ಆವತ್ತು ನಾನು ಹೆದರಿ ಸುಳ್ಳು ಬರೆದೆ ದೊಡ್ಡವ್ವ, ನೀವು ಗೋಡೆಗೆ ತಿರುಗಿದಿರಿ ಅಂದೆ. ಅವಳು ಎಡಗೈಯಲ್ಲಿ ನನ್ನ ತಲೆ ಹಿಡಿದು, ಹೆಬ್ಬೆಟ್ಟಿನಿಂದ ನೆತ್ತಿ ಒತ್ತಿದಳು, ಕಾಯಿಯನ್ನು ಒತ್ತುವ ಹಾಗೆಯೇ. "ಆ ವಯಸ್ನಲ್ಲಿ ನಾನೂ ಹಂಗೇ ಹೆದರ್ತಿದ್ದೆ ಬುಡು. ಗಂಡ ಹೊಡ್ದು ಹಲ್ಲು ಬಿದ್ದಾಗ ನಾನೂ ಜಾರಿ ಬಿದ್ದೆ ಅಂತಾನೇ ಅಂದಿದ್ದು. ನಮ್ಮಲ್ಲಿ ಜಾರಿ ಬೀಳ್ದೇ ಇರೋ ಹೆಂಗ್ಸು ಯಾರವ್ರೆ?" ಅಂದಳು.

ಅವಳು ಸತ್ತ ಸುದ್ದಿ ತಲುಪುವಾಗ ತಿಥಿಯ ದಿನ ಬಂದಿತ್ತು. ಹೋದೆ. ಮಣ್ಣು ಮಾಡಿದವನು ಅವನೇ, ತಲೆ ಬೋಳಿಸಿದ್ದ. ಹುಬ್ಬಿನ ಮೇಲೆ ನನ್ನ ಏಳು ಹೊಲಿಗೆಯ ಗುರುತು ನೆಟ್ಟಗೆ ಕಾಣುತ್ತಿತ್ತು. ಮಾತಾಡಿಸಲು ಮನಸ್ಸಿರಲಿಲ್ಲ. ಅವನೇ ಬಂದು ಚೀಲದಲ್ಲಿ ಸುತ್ತಿದ ಭಾರದ ವಸ್ತುವೊಂದನ್ನು ನನ್ನ ಕಾಲ ಹತ್ತಿರ ಇಟ್ಟ. "ನರ್ಸಮ್ಮಂಗೆ ಕೊಡು ಅಂದಿದ್ಲಂತೆ" ಅಂದ. ಆಮೇಲೆ ಹಣೆ ಮುಟ್ಟಿಕೊಂಡು, ಗಂಡಸು, ಎಲ್ಲರೆದುರು, ಕೂಸಿನ ಹಾಗೆ ಅತ್ತ. ಅವನನ್ನು ಕ್ಷಮಿಸಿದೆನಾ? ಇಲ್ಲ. ಆದರೆ ಆವತ್ತು ಅವನ ಬೆನ್ನ ಮೇಲೆ ಕೈ ಇಟ್ಟೆ, ಅದೂ ನಿಜ.

ಆ ಹಲಗೆ, ಆ ಕಬ್ಬಿಣ ಈಗ ನನ್ನ ಅಡುಗೆಮನೆಯ ಮೂಲೆಯಲ್ಲಿದೆ. ಇಷ್ಟು ವರ್ಷ ಹಲಗೆಯ ಖಾಲಿ ತುದಿಯ ಮೇಲೆ ನೀರಿನ ಕೊಡ ಇಡುತ್ತಿದ್ದೆ. ಮುಂದೆ ಎಷ್ಟೋ ಮುದುಕ ಮುದುಕಿಯರ ಸೇವೆ ಮಾಡಿದೆ. ಯಾರಿಗೂ "ವಯಸ್ಸಾಯ್ತು, ಬಿಟ್ಟುಬಿಡಿ" ಅಂತ ಮತ್ತೆ ಹೇಳಲಿಲ್ಲ. ರಿಜಿಸ್ಟರಿನಲ್ಲಿ "ಜಾರಿ ಬಿದ್ದು" ಅಂತ ಬರೆಯುವ ಮುಂಚೆ ಪ್ರತಿ ಸಲವೂ ಬಾಗಿಲು ಹಾಕಿ ಬಂದು, ಇನ್ನೊಮ್ಮೆ ಕೇಳಿದೆ. ಕೆಲವರು ನಿಜ ಹೇಳಿದರು. ಅವಳಿಗೆ ಮಾಡದೆ ಉಳಿದದ್ದು ಅದರಿಂದ ತೀರುವುದಿಲ್ಲ.

ನಿನ್ನೆ ಕೊಡ ಇಳಿಸಿ ಹಲಗೆಯನ್ನು ಈಚೆಗೆ ಎಳೆದೆ. ಮೊಣಕಾಲು ಊರಲು ಹೋದರೆ ಲಟಲಟ ಅಂತು. ಪ್ಲಾಸ್ಟರ್ ಕೈಯನ್ನು ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡು, ಎದುರುಮನೆಯವರ ಕಾಯಿಯನ್ನು ಎಡಗೈಯಲ್ಲಿ ಹಿಡಿದೆ. ಹೆಬ್ಬೆಟ್ಟಿನಿಂದ ಒತ್ತಿ ನೋಡಿದೆ. ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ. ಬಡಿದೆ, ತಿರುಗಿಸಿದೆ, ಬಡಿದೆ. ಮೂರನೇ ಏಟಿಗೆ ಚಿಪ್ಪೂ ಉಂಡೆಯೂ ಒಟ್ಟಿಗೇ ಸೀಳಿ ಎರಡು ಹೋಳು ನೆಲದ ಮೇಲೆ ಉರುಳಿದವು. ಆ ಹೊಗೆಯ ವಾಸನೆ ಮನೆಯೆಲ್ಲ ತುಂಬಿತು. ಅವಳು ಪಕ್ಕದಲ್ಲಿದ್ದಿದ್ದರೆ ಎಂಥ ಬೈಗುಳ ಬೀಳುತ್ತಿತ್ತು! ಕಿವಿ ಕೊಟ್ಟೆ. ಬೈಯುವವರು ಯಾರೂ ಇರಲಿಲ್ಲ.

"ನಾನು ಮಾತ್ರ ನಿಜವಾಗ್ಲೂ ಜಾರಿ ಬಿದ್ದದ್ದು ಕಣ್ ದೊಡ್ಡವ್ವ" ಅಂತ ಗಟ್ಟಿಯಾಗಿ ಹೇಳಿ, ಹೋಳು ಎರಡನ್ನೂ ಆರಿಸಿಕೊಂಡೆ.